ಪೊಟ್ಟಣದ ತೂಕ

ಬೆಲೆಗಳನ್ನು ಹೋಲಿಸಿ ನೋಡುವುದು ಹೆಂಗಸರ ಹುಟ್ಟುಗುಣವೆಂದು ತಮಾಷೆಗೆ ಹೇಳುವವರುಂಟು. ತಿಂಗಳಿಗೊಮ್ಮೆ ಲೆಕ್ಕವಿಟ್ಟು ಸಂಸಾರ ನಡೆಸಿದವರಿಗೆ ಅದು ಎಂಥ ಶ್ರಮದ ಕೆಲಸವೆಂಬುದು ಗೊತ್ತು. ಆ ಕೆಲಸಕ್ಕೆ ಮನಸ್ಸೊಂದಿದ್ದರೆ ಸಾಲದು. ಎರಡು ವಸ್ತುಗಳ ನಡುವೆ ಸಮಾನವಾದ ಒಂದು ಅಳತೆಯೂ ಇರಬೇಕು. ಈ ಅಂಗಡಿಯ ಬೇಳೆಗೂ ಆ ಅಂಗಡಿಯ ಬೇಳೆಗೂ ಎಷ್ಟು ವ್ಯತ್ಯಾಸವೆಂದು ತಿಳಿಯಬೇಕಾದರೆ ಇಬ್ಬರು ಅಂಗಡಿಯವರೂ ಒಂದೇ ತೂಕಕ್ಕೆ ಬೆಲೆ ಹೇಳಬೇಕು. ಮಗುವಿಗೂ ಅರ್ಥವಾಗುವ ಈ ಸಂಗತಿ ಕಳೆದ ಕೆಲವು ವರ್ಷಗಳಿಂದ ನಮ್ಮ ದಿನಸಿ ಅಂಗಡಿಗಳಲ್ಲಿ ಕಷ್ಟವಾಗುತ್ತಿದೆ ಎಂಬುದು ನನ್ನ ಅನುಭವ.

ನಾನು ಹಾಸನದಲ್ಲಿ ಬೆಳೆದವಳು. ನಮ್ಮ ಬಾಲ್ಯದಲ್ಲಿ ದಿನಸಿಯೆಂದರೆ ಮೂಟೆಯ ಬಾಯಿ ತೆರೆದಿಟ್ಟ ಅಂಗಡಿ, ಹಿತ್ತಾಳೆಯ ತಕ್ಕಡಿ, ಹಳೆಯ ವೃತ್ತಪತ್ರಿಕೆಯಲ್ಲಿ ಕಟ್ಟಿ ದಾರ ಸುತ್ತಿದ ಪೊಟ್ಟಣ. ಮೆಟ್ರಿಕ್ ಅಳತೆಯ ಕಾಯ್ದೆ 1956ರಲ್ಲೇ ಬಂದಿದ್ದರೂ ನಮ್ಮ ತಾಯಿ ಬಹುಕಾಲ ಸೇರು, ಪಾವುಗಳಲ್ಲಿಯೇ ಯೋಚಿಸುತ್ತಿದ್ದರು. ಸೇರಿನಲ್ಲಿಯೂ ಕಚ್ಚಾ ಸೇರು, ಪಕ್ಕಾ ಸೇರು ಎಂಬ ಭೇದವಿತ್ತು. ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸರಿಹೊಂದುತ್ತಿರಲಿಲ್ಲ. ಆ ಗೊಂದಲವನ್ನು ತೊಲಗಿಸಲೆಂದೇ ದೇಶಕ್ಕೆಲ್ಲ ಒಂದೇ ಕಿಲೋಗ್ರಾಂ, ಒಂದೇ ಲೀಟರು ಬಂತು. ಅಲ್ಲಿಂದ ಮುಂದೆ ಗಿರಾಕಿಯ ಪ್ರಶ್ನೆ ಒಂದೇ ಆಯಿತು: "ಕಿಲೋಗೆ ಎಷ್ಟು?"

ಮೂಟೆಗಳು ಮರೆಯಾಗಿ ಅಚ್ಚುಮಾಡಿದ ಪ್ಲಾಸ್ಟಿಕ್ ಪೊಟ್ಟಣಗಳು ಬಂದಾಗಲೂ ಆ ಪ್ರಶ್ನೆ ಬದುಕಿಕೊಂಡಿತು. ಅದಕ್ಕೆ ಕಾರಣ ಕಾನೂನು. 1976ರ ಅಳತೆ ಮತ್ತು ತೂಕಗಳ ಕಾಯ್ದೆಯ ಅಡಿಯಲ್ಲಿ 1977ರಲ್ಲಿ ಪೊಟ್ಟಣ ಸಾಮಗ್ರಿಗಳ ನಿಯಮಗಳು ಬಂದವು. ನಿತ್ಯೋಪಯೋಗಿ ವಸ್ತುಗಳನ್ನು ಇಂತಿಂಥ ತೂಕಗಳಲ್ಲಿ ಮಾತ್ರ ಕಟ್ಟಬೇಕೆಂದು ಅವು ವಿಧಿಸಿದವು. ಮುಂದೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ, ಅದರ 2011ರ ನಿಯಮಗಳು ಬಂದಾಗಲೂ ಹತ್ತೊಂಬತ್ತು ಬಗೆಯ ಪದಾರ್ಥಗಳ ಪಟ್ಟಿಯೊಂದು ಉಳಿದಿತ್ತು. ಬಿಸ್ಕತ್ತು, ಬ್ರೆಡ್ಡು, ಚಹಾ, ಕಾಫಿ, ಧಾನ್ಯ ಮತ್ತು ಬೇಳೆ, ಹಿಟ್ಟು, ರವೆ, ಉಪ್ಪು, ಅಡಿಗೆ ಎಣ್ಣೆ, ಹಾಲಿನ ಪುಡಿ, ಸಾಬೂನು, ಕೊನೆಗೆ ಸಿಮೆಂಟು, ಬಣ್ಣದವರೆಗೆ ಎಲ್ಲವೂ ಅದರಲ್ಲಿದ್ದವು. ಅರ್ಧ ಕಿಲೋ ರವೆಯನ್ನು ಯಾರು ಕಟ್ಟಿದರೂ ಅದು ಅರ್ಧ ಕಿಲೋ. ಗಿರಾಕಿ ಎರಡು ಪೊಟ್ಟಣಗಳನ್ನು ಕೈಗೆತ್ತಿಕೊಂಡು ಬೆಲೆಯನ್ನಷ್ಟೇ ನೋಡಿದರೆ ಸಾಕಿತ್ತು. ಭಾಗಾಕಾರವನ್ನು ಪೊಟ್ಟಣವೇ ಮಾಡಿ ಮುಗಿಸಿರುತ್ತಿತ್ತು.

ನಮ್ಮ ಧರ್ಮಕೇಂದ್ರದಲ್ಲಿ ಒಂದು ಸಣ್ಣ ನೆರವು ಸಮಿತಿ ಇದೆ. ದುಡಿಯುವವರಿಲ್ಲದ ಅಥವಾ ಕಾಯಿಲೆಯಲ್ಲಿ ಸಿಲುಕಿದ ಇಪ್ಪತ್ತೆರಡು ಕುಟುಂಬಗಳಿಗೆ ತಿಂಗಳ ಮೊದಲ ವಾರ ದಿನಸಿ ಕೊಡುತ್ತೇವೆ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ನನಗೆ ಖರೀದಿಯ ಪಟ್ಟಿ ವಹಿಸಿದ್ದಾರೆ. ಕಾಣಿಕೆಯಾಗಿ ಬಂದ ಹಣ ಇಷ್ಟೇ ಎಂದು ಗೊತ್ತಿರುತ್ತದೆ, ಕುಟುಂಬಗಳು ಇಷ್ಟು ಎಂದೂ ಗೊತ್ತಿರುತ್ತದೆ. ಕಿಲೋಗೆ ನಾಲ್ಕು ರೂಪಾಯಿ ಉಳಿದರೆ ಇನ್ನೊಂದು ಮನೆಗೆ ಬೇಳೆ ಹೋಗುತ್ತದೆ. ಆದ್ದರಿಂದ ಪೊಟ್ಟಣಗಳ ಮೇಲಿನ ಸಣ್ಣ ಅಕ್ಷರಗಳನ್ನು ಓದುವುದು ನನಗೆ ಕಾಲಕ್ಷೇಪದ ವಿಷಯವಲ್ಲ.

ಕಳೆದ ಒಂದೆರಡು ವರ್ಷಗಳಲ್ಲಿ ನಮ್ಮ ಪಟ್ಟಿಯ ಅಂಕಣಗಳು ವಿಚಿತ್ರವಾಗತೊಡಗಿವೆ. ರವೆ 500 ಗ್ರಾಂ, 450 ಗ್ರಾಂ, 900 ಗ್ರಾಂ. ಎಣ್ಣೆ ಒಂದು ಲೀಟರು, 850 ಮಿಲಿಲೀಟರು, 800 ಗ್ರಾಂ, 750 ಗ್ರಾಂ. ಪೊಟ್ಟಣಗಳ ಎತ್ತರ, ಅಗಲ, ಬಣ್ಣ ಹೆಚ್ಚುಕಡಿಮೆ ಒಂದೇ. ನಾವು ಕೊಳ್ಳುವ ಅಂಗಡಿಯ ಶೆಟ್ಟರನ್ನು ಒಮ್ಮೆ ಕೇಳಿದೆ, "ಅರ್ಧ ಕೆಜಿದು ಕೊಡಿ ಶೆಟ್ಟರೇ, ಇದು ಯಾವ ಲೆಕ್ಕ?" ಎಂದು. "ಈಗೆಲ್ಲ ಹಿಂಗೇ ಬರೋದು ಟೀಚರೇ. ನಮಗೂ ರೇಟು ಬಾಯಿಗೆ ಬರಲ್ಲ. ಎಂಆರ್‌ಪಿ ನೋಡಿ ಕೊಡ್ತೀವಿ ಅಷ್ಟೇ," ಎಂದರು. ಮೂವತ್ತು ವರ್ಷ ಕಿಲೋ ಲೆಕ್ಕದಲ್ಲಿ ವ್ಯಾಪಾರ ಮಾಡಿದ ಮನುಷ್ಯ ಅವರು.

ಇದಕ್ಕೆ ಕಾರಣವೂ ಕಾನೂನೇ. 2021ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಆ ನಿಯಮಗಳಿಗೆ ತಿದ್ದುಪಡಿ ತಂದು ಹತ್ತೊಂಬತ್ತು ಪದಾರ್ಥಗಳ ಪಟ್ಟಿಯನ್ನು ತೆಗೆದುಹಾಕಿತು. ತಯಾರಕರು ತಮಗೆ ಬೇಕಾದ ತೂಕದಲ್ಲಿ ಕಟ್ಟಬಹುದು. ಅದಕ್ಕೆ ಬದಲಾಗಿ ಬಿಡಿ ಅಳತೆಯ ಬೆಲೆಯನ್ನು, ಅಂದರೆ ಒಂದು ಗ್ರಾಮಿಗೆ ಅಥವಾ ಒಂದು ಕಿಲೋಗೆ ಎಷ್ಟಾಗುತ್ತದೆ ಎಂಬುದನ್ನು, ಪೊಟ್ಟಣದ ಮೇಲೆ ಅಚ್ಚುಮಾಡಬೇಕು. 2022ರ ಏಪ್ರಿಲಿನಿಂದ ಜಾರಿಯಾಗಬೇಕಿದ್ದ ಇದು ಮುಂದೂಡಲ್ಪಟ್ಟು ಆಮೇಲೆ ಜಾರಿಗೆ ಬಂತು. ಪೊಟ್ಟಣದಲ್ಲಿ ಎಂಆರ್‌ಪಿಯ ಪಕ್ಕದಲ್ಲಿ 'ಯುಎಸ್‌ಪಿ' ಎಂಬ ಮೂರು ಅಕ್ಷರಗಳೊಂದಿಗೆ ಒಂದು ಸಣ್ಣ ಸಂಖ್ಯೆ ಕಾಣುತ್ತದಲ್ಲ, ಅದೇ ಇದು. ಮೇಲುನೋಟಕ್ಕೆ ನ್ಯಾಯವಾದ ವ್ಯವಸ್ಥೆ. ತೂಕ ಯಾವುದಾದರೇನು, ಗ್ರಾಮಿನ ಬೆಲೆ ಅಲ್ಲೇ ಇದೆಯಲ್ಲ, ಹೋಲಿಸಿಕೊಳ್ಳಿ ಎಂಬ ವಾದ. ನನಗೂ ಮೊದಲು ಇದು ಒಪ್ಪಿಗೆಯಾಗುವಂತೆಯೇ ತೋರಿತ್ತು.

ಆದರೆ ಆ ಸಂಖ್ಯೆಯನ್ನು ಬಳಸಲು ಕುಳಿತರೆ ತೊಡಕು ಕಾಣುತ್ತದೆ. ಒಂದು ಕಿಲೋಗಿಂತ ಕಡಿಮೆ ತೂಕದ ಪೊಟ್ಟಣಕ್ಕೆ ಗ್ರಾಮಿನ ಬೆಲೆ, ಹೆಚ್ಚಿನದಕ್ಕೆ ಕಿಲೋದ ಬೆಲೆ ಎಂದು ನಿಯಮ. ಆದ್ದರಿಂದ ಸಣ್ಣದನ್ನೂ ದೊಡ್ಡದನ್ನೂ ಹೋಲಿಸುವವರು ದಶಮಾಂಶದ ಚುಕ್ಕೆಯನ್ನು ಮೂರು ಮನೆ ಸರಿಸಬೇಕು. ಇದನ್ನಾದರೂ ಕಲಿಸಬಹುದು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಬೆಲೆಯನ್ನು ರೂಪಾಯಿಯಲ್ಲಿ, ಎರಡು ದಶಮಾಂಶ ಸ್ಥಾನಗಳಿಗೆ ಸರಿಹೊಂದಿಸಿ ಬರೆಯಬೇಕೆಂದು ನಿಯಮ ಹೇಳುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಬೆಲೆಗಳು ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡವು. 500 ಗ್ರಾಂ ರವೆಗೆ 38 ರೂಪಾಯಿ ಎನ್ನಿ. ಗ್ರಾಮಿಗೆ 0.076, ಪೊಟ್ಟಣದ ಮೇಲೆ 0.08 ಎಂದಾಗುತ್ತದೆ. ಇನ್ನೊಬ್ಬರದು 450 ಗ್ರಾಂ, ಅದಕ್ಕೂ 38 ರೂಪಾಯಿ. ಗ್ರಾಮಿಗೆ 0.0844, ಪೊಟ್ಟಣದ ಮೇಲೆ ಅದೂ 0.08. ಐವತ್ತು ಗ್ರಾಂ ಕಡಿಮೆ ಕೊಟ್ಟು ಅಷ್ಟೇ ಹಣ ಪಡೆದರೂ ಹೋಲಿಕೆಗೆಂದೇ ಅಚ್ಚಾದ ಸಂಖ್ಯೆ ಎರಡರ ಮೇಲೂ ಒಂದೇ! ಕಿಲೋ ಲೆಕ್ಕದಲ್ಲಿ ನೋಡಿದರೆ ಒಂದು 76 ರೂಪಾಯಿ, ಇನ್ನೊಂದು 84 ರೂಪಾಯಿ 44 ಪೈಸೆ.

ಚಹಾಪುಡಿಯ ವಿಷಯದಲ್ಲಿ ಈ ದೋಷ ಅಷ್ಟಾಗಿ ಕಾಣುವುದಿಲ್ಲ. ಗ್ರಾಮಿಗೆ 0.57 ಎಂದಿರುವ ಕಡೆ ಅರ್ಧ ಪೈಸೆಯ ಹೆಚ್ಚುಕಡಿಮೆ ಶೇಕಡಾ ಒಂದಕ್ಕಿಂತಲೂ ಕಡಿಮೆ. ಬಾದಾಮಿ, ಏಲಕ್ಕಿ, ಬೆಲೆಬಾಳುವ ಕಾಫಿ ಇವುಗಳಲ್ಲಿ ಆ ಸಂಖ್ಯೆ ನಿಖರವಾಗಿ ಕೆಲಸ ಮಾಡುತ್ತದೆ. ಗ್ರಾಮಿಗೆ ಕೆಲವೇ ಪೈಸೆಯ ಬೆಲೆಯುಳ್ಳ ಉಪ್ಪು, ಹಿಟ್ಟು, ರವೆ, ಅವಲಕ್ಕಿಗಳ ಅರ್ಧ ಕಿಲೋ ಪೊಟ್ಟಣಗಳಲ್ಲಿ ಅದು ಮೊಂಡಾಗುತ್ತದೆ. ಕಿಲೋಗೆ 25 ರೂಪಾಯಿಯ ಉಪ್ಪೂ 34 ರೂಪಾಯಿಯ ಉಪ್ಪೂ ಅರ್ಧ ಕಿಲೋ ಪೊಟ್ಟಣದಲ್ಲಿ 0.03 ಎಂದೇ ಓದಿಸಿಕೊಳ್ಳುತ್ತವೆ. ಯಾವ ಪದಾರ್ಥ ಬಡವರ ಮನೆಗೆ ಹೆಚ್ಚು ಹೋಗುತ್ತದೋ ಅದರಲ್ಲಿಯೇ ಹೋಲಿಕೆಯ ಸಾಧನ ಕೈಕೊಡುತ್ತದೆ. ಇದನ್ನು ಯಾರೋ ಕುಳಿತು ಸಂಚು ಮಾಡಿದರೆಂದು ನಾನು ಹೇಳಲಾರೆ. ಗಣಿತ ಕಲಿಸಿದವಳಾಗಿ ಇಷ್ಟನ್ನು ಹೇಳಬಲ್ಲೆ: ಅಳೆಯುವ ಕೋಲಿನ ಗೀಟುಗಳು ಅಳೆಯಬೇಕಾದ ವಸ್ತುವಿಗಿಂತ ದಪ್ಪವಾಗಿದ್ದರೆ ಅಳತೆ ಆಗುವುದಿಲ್ಲ.

ಐರೋಪ್ಯ ಒಕ್ಕೂಟವೂ ಪೊಟ್ಟಣದ ತೂಕದ ಕಟ್ಟುಪಾಡನ್ನು 2009ರಲ್ಲಿ ಬಹುಮಟ್ಟಿಗೆ ಸಡಿಲಿಸಿತು. ಆದರೆ ಕಿಲೋ ಮತ್ತು ಲೀಟರಿನ ಬೆಲೆಯನ್ನು ಗಿರಾಕಿಗೆ ಕಾಣುವಂತೆ ತೋರಿಸಬೇಕೆಂಬ ನಿರ್ದೇಶನ ಅಲ್ಲಿ 1998ರಲ್ಲಿಯೇ ಬಂದಿತ್ತು. ಜನ ಅದಕ್ಕೆ ಹೊಂದಿಕೊಳ್ಳಲು ಹತ್ತು ವರ್ಷ ಸಿಕ್ಕಿತು. ಆಸ್ಟ್ರೇಲಿಯದ ದೊಡ್ಡ ಅಂಗಡಿಗಳಲ್ಲಿ 2009ರ ಡಿಸೆಂಬರಿನಿಂದ ಬಹುಪಾಲು ಪದಾರ್ಥಗಳಿಗೆ ನೂರು ಗ್ರಾಮಿನ ಬೆಲೆ ಬರೆಯುತ್ತಾರೆ. ನೂರು ಗ್ರಾಂ ಎಂಬುದು ಕೈಯಲ್ಲಿ ಹಿಡಿದು ಊಹಿಸಬಹುದಾದ ಅಳತೆ. ಒಂದು ಗ್ರಾಂ ರವೆಯನ್ನು ಯಾವ ತಾಯಿ ಕೊಳ್ಳುತ್ತಾಳೆ?

ಎಣ್ಣೆಯ ಕಥೆ ಇನ್ನೂ ಸ್ವಾರಸ್ಯಕರ. ಎಣ್ಣೆ ಬಿಸಿಯಾದಷ್ಟೂ ಹಿಗ್ಗುತ್ತದೆ. ಹಾಗಾಗಿ ಬಿಸಿಯೆಣ್ಣೆಯ ಒಂದು ಲೀಟರು ತಣ್ಣನೆಯ ಎಣ್ಣೆಯ ಒಂದು ಲೀಟರಿಗಿಂತ ಹಗುರ. ಕೆಲವು ಪೊಟ್ಟಣಗಳ ಮೇಲೆ ಒಂದು ಲೀಟರು ಎಂದು ಬರೆದು ಪಕ್ಕದಲ್ಲಿ ಸಣ್ಣದಾಗಿ ಅರುವತ್ತು ಡಿಗ್ರಿ ಸೆಲ್ಸಿಯಸ್ ಎಂದು ಸೂಚಿಸುವ ಪದ್ಧತಿ ಬೆಳೆದಿತ್ತು. ಯಾರ ಅಡಿಗೆಮನೆಯ ಕಪಾಟಿನಲ್ಲಿ ಅಷ್ಟು ಬಿಸಿ ಇರುತ್ತದೆಯೋ ತಿಳಿಯದು. ಸೋಯಾಬೀನ್ ಎಣ್ಣೆಯ ಒಂದು ಲೀಟರು 21 ಡಿಗ್ರಿಯಲ್ಲಿ 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ 892.6 ಗ್ರಾಂ ಮಾತ್ರ ತೂಗುತ್ತದೆಂದು ಸರ್ಕಾರವೇ ಲೆಕ್ಕ ಕೊಟ್ಟು, ಉಷ್ಣಾಂಶದ ಉಲ್ಲೇಖವನ್ನು ಕೈಬಿಟ್ಟು ಅಳತೆಯೊಂದಿಗೆ ತೂಕವನ್ನೂ ಸರಿಯಾಗಿ ನಮೂದಿಸುವಂತೆ 2022ರ ಆಗಸ್ಟಿನಲ್ಲಿ ತಯಾರಕರಿಗೆ ಸೂಚಿಸಿತು. 2023ರ ಜನವರಿ 15ರವರೆಗೆ ಅವಕಾಶ ನೀಡಿತು. ಅಂದಿನಿಂದ ನಾನು ಎಣ್ಣೆಯನ್ನು ಗ್ರಾಮಿನಲ್ಲಿಯೇ ಹೋಲಿಸುತ್ತೇನೆ. ತೂಕ ಬಿಸಿಲಿಗೆ ಹಿಗ್ಗುವುದಿಲ್ಲ.

ಅಕ್ಕಿಯಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ: ಅಲ್ಲಿ ಮೂಟೆ ದೊಡ್ಡದಾಯಿತು. 2022ರ ಜುಲೈ 18ರಿಂದ ಮೊದಲೇ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟುಗಳಿಗೆ 25 ಕಿಲೋವರೆಗೆ ಶೇಕಡಾ ಐದರ ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಮೂಟೆಗೆ ಇಲ್ಲ. ಕೆಲವೇ ದಿನಗಳಲ್ಲಿ ಮಾರುಕಟ್ಟೆಗೆ 26 ಕಿಲೋ ಮೂಟೆಗಳು ಬಂದವು. ಕಾನೂನಿನ ಗೆರೆಯ ಆಚೆಗೆ ಒಂದೇ ಒಂದು ಕಿಲೋ! ಇದರಿಂದ ಗಿರಾಕಿಗೆ ನಷ್ಟವೇನಿಲ್ಲ, ಲಾಭವೇ ಇರಬಹುದು. ಆದರೆ 1,500 ರೂಪಾಯಿಯ 25 ಕಿಲೋ ಮೂಟೆ, 1,508 ರೂಪಾಯಿಯ 26 ಕಿಲೋ ಮೂಟೆ ಅಕ್ಕಪಕ್ಕದಲ್ಲಿದ್ದರೆ ಯಾವುದು ಅಗ್ಗವೆಂದು ಹೇಳಲು ಹದಿಮೂರರ ಮಗ್ಗಿ ಬೇಕು. ಮಕ್ಕಳು ಕಲಿಯದೆ ತಪ್ಪಿಸಿಕೊಳ್ಳುವ ಮಗ್ಗಿ ಯಾವುದೆಂದು ಯಾವ ಶಿಕ್ಷಕಿಯನ್ನಾದರೂ ಕೇಳಿ ನೋಡಿ.

ಇಷ್ಟೆಲ್ಲ ಲೆಕ್ಕ ಹಾಕುವಾಗ ನಾನು ಒಂದು ಮಾತನ್ನು ಮರೆಯಲಾರೆ. ನಾವು ದಿನಸಿ ಕೊಡುವ ಮನೆಗಳಲ್ಲಿ ಒಂದರ ಯಜಮಾನಿತಿ ಕೂಲಿಗೆ ಹೋಗುವ ಹೆಂಗಸು. ನಾವು ಕೊಡುವುದರಲ್ಲಿ ಚಹಾಪುಡಿ ಇರುವುದಿಲ್ಲ. ಆಕೆ ಹತ್ತು ರೂಪಾಯಿಯ ಸಣ್ಣ ಪೊಟ್ಟಣಗಳನ್ನು ಕೊಳ್ಳುವುದನ್ನು ಕಂಡು, ಕಾಲು ಕಿಲೋ ಒಟ್ಟಿಗೆ ಕೊಂಡರೆ ಗ್ರಾಮಿನ ಲೆಕ್ಕದಲ್ಲಿ ಎಷ್ಟು ಉಳಿಯುತ್ತದೆಂದು ಕಾಗದದ ಮೇಲೆ ತೋರಿಸಿದೆ. ಆಕೆ ಕಾಗದವನ್ನು ಮರ್ಯಾದೆಯಿಂದ ನೋಡಿ, "ದೊಡ್ಡ ಪ್ಯಾಕು ತಂದ್ರೆ ದೊಡ್ಡದಾಗೇ ಖರ್ಚಾಗುತ್ತೆ ಟೀಚರಮ್ಮ. ಬಂದವರಿಗೆಲ್ಲ ಮಾಡಿಕೊಡೋದು. ಅಷ್ಟು ದುಡ್ಡು ಒಂದೇ ಸಲ ಎಲ್ಲಿಂದ ತರಲಿ? ಹತ್ತು ರೂಪಾಯಿದು ಎರಡು ದಿನ ಬರಬೇಕು, ಅದು ನನ್ನ ಲೆಕ್ಕ," ಎಂದಳು. ಆಮೇಲೆ ಸ್ವಲ್ಪ ತಡೆದು, "ಈಗೀಗ ಎರಡನೇ ದಿನ ಸಂಜೆಗೆ ಸಾಲ್ತಾ ಇಲ್ಲ. ಪುಡಿ ಕಮ್ಮಿ ಮಾಡವ್ರೆ," ಎಂದಳು.

ತಕ್ಕಡಿಯಿಲ್ಲ, ದಶಮಾಂಶವಿಲ್ಲ. ತೂಕ ಕಡಿಮೆಯಾದುದನ್ನು ಆಕೆ ಸಂಜೆಯ ಲೋಟದಲ್ಲಿ ಕಂಡುಹಿಡಿದಿದ್ದಳು. ದಿನವೇ ಆಕೆಯ ಅಳತೆ. ಗ್ರಾಮಿನ ಬೆಲೆಯನ್ನು ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದರೂ ಆಕೆಗೆ ಅದರಿಂದ ಆಗುವುದು ಅಷ್ಟರಲ್ಲೇ ಇದೆ. ಏಕೆಂದರೆ ಅಗ್ಗದ್ದನ್ನು ಆರಿಸಲು ಕೈಯಲ್ಲಿ ಒಟ್ಟಿಗೆ ಹಣವಿರಬೇಕು. ಪೊಟ್ಟಣಗಳ ಗಾತ್ರದ ಬಗ್ಗೆ ಮಾತನಾಡುವವರು, ನನ್ನನ್ನೂ ಸೇರಿಸಿ, ಆಯ್ಕೆ ಎಂಬ ಪದವನ್ನು ಧಾರಾಳವಾಗಿ ಬಳಸುತ್ತೇವೆ.

ಐದು, ಹತ್ತು ರೂಪಾಯಿಗಳ ಪೊಟ್ಟಣಗಳಲ್ಲಿ ಬೆಲೆ ಅಲುಗುವುದಿಲ್ಲ. ಅದು ನಾಣ್ಯಕ್ಕೆ ಅಂಟಿಕೊಂಡಿದೆ. ಗೋಧಿ, ಸಕ್ಕರೆ, ಎಣ್ಣೆಗಳ ಬೆಲೆ ಏರಿದಾಗ ಕರಗುವುದು ಒಳಗಿನ ತೂಕ. 2025ರ ಸೆಪ್ಟೆಂಬರ್ 22ರಂದು ಬಿಸ್ಕತ್ತಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿದಾಗ ಇದು ತಲೆಕೆಳಗಾಗಿ ಕಾಣಿಸಿತು: ಐದು ರೂಪಾಯಿಯ ಪೊಟ್ಟಣದ ಬೆಲೆಯನ್ನು ನಾಲ್ಕೂವರೆಯ ಆಸುಪಾಸಿಗೆ ಇಳಿಸಬೇಕೆ, ಇಲ್ಲವೆ ಐದನ್ನೇ ಉಳಿಸಿ ಬಿಸ್ಕತ್ತು ಹೆಚ್ಚಿಸಬೇಕೆ ಎಂಬ ಪ್ರಶ್ನೆ ಬಂತು. ಅಂಗಡಿಯಲ್ಲಿ ಐವತ್ತು ಪೈಸೆಯ ನಾಣ್ಯ ಯಾರ ಬಳಿ ಇದೆ? ಇಳಿದ ಬೆಲೆ ಚಿಲ್ಲರೆಯ ಅಭಾವದಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೇ ಉಳಿಯುತ್ತದೆ. ಹೆಚ್ಚಿದ ಬಿಸ್ಕತ್ತು ಮಾತ್ರ ಮಗುವಿನ ಕೈಗೆ ಹೋಗುತ್ತದೆ. ಇಲ್ಲಿ ತೂಕವನ್ನು ಬದಲಾಯಿಸುವುದೇ ನ್ಯಾಯವೆಂದು ನನ್ನ ಅಭಿಪ್ರಾಯ. ಸಣ್ಣ ಪೊಟ್ಟಣವೆಲ್ಲ ದುಬಾರಿ ಎಂಬುದೂ ಸರಿಯಲ್ಲ. ಶಾಂಪೂವಿನ ಸಣ್ಣ ಸ್ಯಾಶೆಯಲ್ಲಿ ಮಿಲಿಲೀಟರಿನ ಬೆಲೆ ದೊಡ್ಡ ಬಾಟಲಿಗಿಂತ ಕಡಿಮೆ ಇರುವುದನ್ನು ನೀವೂ ಕಂಡಿರಬಹುದು. ಹತ್ತು ಗ್ರಾಂ ಅಥವಾ ಹತ್ತು ಮಿಲಿಲೀಟರನ್ನು ಮೀರದ ಪೊಟ್ಟಣಗಳಿಗೆ ಆ ನಿಯಮಗಳಿಂದಲೇ ವಿನಾಯಿತಿ ಇರುವುದರಿಂದ ಅಲ್ಲಿ ಲೆಕ್ಕವನ್ನು ನಾವೇ ಮಾಡಿಕೊಳ್ಳಬೇಕು.

ಹಳೆಯ ಒಡಂಬಡಿಕೆಯಲ್ಲಿ ತೆಕೋವದ ಕುರಿಗಾಹಿ ಆಮೋಸನು ವರ್ತಕರ ಮೇಲೆ ಹೊರಿಸುವ ಆರೋಪ ಎಷ್ಟು ನಿಖರವಾದುದೆಂದು ಈ ಖರೀದಿಯ ಕೆಲಸಕ್ಕೆ ಬಂದ ಮೇಲೆ ನನಗೆ ತಿಳಿಯಿತು. ಕಾಳನ್ನು ಅಳೆಯುವ ಎಫಾವನ್ನು ಅವರು ಕಿರಿದು ಮಾಡುತ್ತಾರೆ. ಗಿರಾಕಿಯ ಬೆಳ್ಳಿಯನ್ನು ತೂಗುವ ಶೆಕೆಲನ್ನು ಹಿರಿದು ಮಾಡುತ್ತಾರೆ. ಆ ಕಾಲಕ್ಕೆ ಬೆಳ್ಳಿಯನ್ನು ತೂಗಿ ಕೊಡುವುದೇ ಬೆಲೆ ಕೊಡುವ ರೀತಿ. ಆದ್ದರಿಂದ ಇವು ಎರಡು ಬೇರೆ ಬೇರೆ ಕೈಚಳಕಗಳು: ಒಂದರಲ್ಲಿ ವಸ್ತು ಕಡಿಮೆ, ಇನ್ನೊಂದರಲ್ಲಿ ಬೆಲೆ ಹೆಚ್ಚು. ಎರಡರಲ್ಲಿ ಬೆಲೆಯ ಏರಿಕೆ ಕಣ್ಣಿಗೆ ಬೇಗ ಬೀಳುತ್ತದೆ, ಅಳತೆಯ ಇಳಿಕೆ ಬೀಳುವುದಿಲ್ಲ. ಇಂದಿನ ತಯಾರಕರನ್ನು ಆಮೋಸನ ವರ್ತಕರ ಸಾಲಿಗೆ ಸೇರಿಸುವುದು ಅನ್ಯಾಯವಾದೀತು. ಅವರು ಕಳ್ಳ ಎಫಾ ಇಟ್ಟುಕೊಂಡಿದ್ದರು. ಇವರು 450 ಗ್ರಾಂ ಎಂದು ಪೊಟ್ಟಣದ ಮೇಲೆ ನಿಜವನ್ನೇ ಬರೆದಿದ್ದಾರೆ. ಆದರೆ ಪೊಟ್ಟಣವನ್ನು ಹಿಂದಿನ ಅರ್ಧ ಕಿಲೋದಷ್ಟೇ ದೊಡ್ಡದಾಗಿ ಉಳಿಸಿ, ತೂಕವನ್ನು ಬೆನ್ನಿನ ಮೂಲೆಯಲ್ಲಿ ಬರೆದಾಗ, ಆ ನಿಜವನ್ನು ಯಾರೂ ಓದದಿರಲಿ ಎಂಬ ಆಸೆ ಅಲ್ಲಿ ಇಲ್ಲವೆನ್ನಲು ನನಗೆ ಧೈರ್ಯ ಸಾಲದು. ಫ್ರಾನ್ಸ್ ದೇಶದಲ್ಲಿ 2024ರ ಜುಲೈ 1ರಿಂದ, ತೂಕ ಇಳಿದು ಬಿಡಿ ಅಳತೆಯ ಬೆಲೆ ಏರಿದ ಪದಾರ್ಥದ ಹತ್ತಿರ ದೊಡ್ಡ ಅಂಗಡಿಯವರು ಎರಡು ತಿಂಗಳ ಕಾಲ ಆ ವಿಷಯವನ್ನು ಬರೆದು ತೂಗುಹಾಕಬೇಕು. ನಮ್ಮಲ್ಲಿ ಹಾಗೆ ತಿಳಿಸುವವರು ಯಾರೂ ಇಲ್ಲದ್ದರಿಂದ ಸಂಜೆಯ ಚಹಾ ತಿಳಿಸಬೇಕಾಗಿದೆ.

ಸಮಿತಿಯಲ್ಲಿ ನಾವು ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಪಟ್ಟಿಯಲ್ಲಿ ಎಂಆರ್‌ಪಿಯ ಪಕ್ಕದಲ್ಲಿ ಕಿಲೋದ ಬೆಲೆಗೆಂದು ಇನ್ನೊಂದು ಅಂಕಣ ಎಳೆದಿದ್ದೇವೆ. ಪೊಟ್ಟಣದ ಮೇಲಿನ 0.08ನ್ನು ನಂಬದೆ ನಾವೇ ಭಾಗಿಸುತ್ತೇವೆ. ಮೊಬೈಲಿನಲ್ಲಿ ಲೆಕ್ಕ ಮಾಡಲು ಯುವಕರಿದ್ದಾರೆ. ಅದಿಲ್ಲದವರಿಗೆ ಬಾಯಿಲೆಕ್ಕವೂ ಇದೆ. 900 ಗ್ರಾಮಿನ ಬೆಲೆಗೆ ಅದರ ಒಂಬತ್ತರಲ್ಲಿ ಒಂದು ಭಾಗ ಸೇರಿಸಿ. 800 ಗ್ರಾಮಾದರೆ ಕಾಲು ಭಾಗ. 750 ಗ್ರಾಮಾದರೆ ಮೂರರಲ್ಲಿ ಒಂದು ಭಾಗ. 450 ಗ್ರಾಮಾದರೆ ಮೊದಲು ಎರಡರಷ್ಟು ಮಾಡಿ, ಬಂದದ್ದಕ್ಕೆ ಅದರ ಒಂಬತ್ತನೆಯ ಒಂದು ಭಾಗ ಸೇರಿಸಿ. 38ರ ಎರಡರಷ್ಟು 76, ಅದರ ಒಂಬತ್ತನೆಯ ಒಂದು ಭಾಗ ಎಂಟೂವರೆಗೆ ಸ್ವಲ್ಪ ಕಡಿಮೆ. ಕಿಲೋಗೆ ಎಂಬತ್ತನಾಲ್ಕೂವರೆಯ ಹತ್ತಿರ. ಒಂದು ಭಾನುವಾರ ಬಲಿಪೂಜೆಯ ನಂತರ ಇದನ್ನು ಹಲಗೆಯ ಮೇಲೆ ಬರೆದು ತೋರಿಸಿದಾಗ, ಮಕ್ಕಳಿಗಿಂತ ಅಜ್ಜಿಯಂದಿರು ಬೇಗ ಹಿಡಿದುಕೊಂಡರು. ಸೇರು ಪಾವುಗಳ ಕಾಲು, ಅರೆ, ಮುಕ್ಕಾಲುಗಳಲ್ಲಿ ಬೆಳೆದ ತಲೆಗಳು ಅವು.

ರವೆಯನ್ನೂ ಅವಲಕ್ಕಿಯನ್ನೂ ನಾವು ಈಗ ಶೆಟ್ಟರ ಮೂಟೆಯಿಂದ ಬಿಡಿಯಾಗಿ ತೂಗಿಸಿಕೊಳ್ಳುತ್ತೇವೆ. ಎಣ್ಣೆಗೆ ಆ ಮಾರ್ಗವಿಲ್ಲ. ಬಿಡಿ ಅಳತೆಯ ಬೆಲೆಯನ್ನೇ ಅಚ್ಚುಮಾಡದ ಪೊಟ್ಟಣ ಸಿಕ್ಕರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೇಳಬಹುದು. ಆದರೆ 0.08 ಎಂದು ನಿಯಮದಂತೆಯೇ ಅಚ್ಚುಮಾಡಿದ ಪೊಟ್ಟಣದ ಮೇಲೆ ದೂರು ಹೇಳುವಂತಿಲ್ಲ. ಅದಕ್ಕೆ ನಿಯಮವೇ ಬದಲಾಗಬೇಕು. ಪೊಟ್ಟಣ ಯಾವ ತೂಕದ್ದೇ ಆಗಿರಲಿ, ಕಿಲೋದ ಇಲ್ಲವೆ ನೂರು ಗ್ರಾಮಿನ ಬೆಲೆಯನ್ನು ಎಂಆರ್‌ಪಿಯಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದು ಕೋರಿ, ಎರಡು ರವೆಯ ಲೆಕ್ಕವನ್ನು ಜೊತೆಗಿಟ್ಟು, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಗೆ ಒಂದು ಮನವಿ ಬರೆದಿದ್ದೇವೆ. ಸಹಿ ಹಾಕಿದವರಲ್ಲಿ ಶೆಟ್ಟರೂ ಇದ್ದಾರೆ.